ಇಳಿಸಿಕೊಂಡ ಗಮಕ, ಭಾವಗೀತೆ ಮನೆ ಕಂಪ್ಯೂಟರಿನಲ್ಲಿ ಓಡುತ್ತಿಲ್ಲ, ಯಾವ ಕೋಡೆಕ್ ಹಾಕಲಿ?

ಆಗುಂಬೆ ದಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಳ ಹಳ್ಳಿ. ಅಪ್ಪಯ್ಯನಿಗೆ ಗಮಕ ಅಂದರೆ ಪ್ರಾಣ. ಕಣ್ಣು ಮಂಜಾದ ಮೇಲೆ ಓದುವುದು ನಿಂತಿದೆ, ಕೇಳುವುದೊಂದೇ ಉಳಿದಿದೆ. ಫೋನಿನ ಸ್ಪೀಕರಿನಲ್ಲಿ ಅವರಿಗೆ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಮನೆಯಲ್ಲಿ ವಿಂಡೋಸ್ 7 ಇರುವ ಹಳೆಯ ಡೆಸ್ಕ್‌ಟಾಪ್ ಇದೆ, ಅದಕ್ಕೆ ಒಳ್ಳೆಯ ಸ್ಪೀಕರ್ ಇವೆ. ಮನೆಯಲ್ಲಿ ನೆಟ್ ಇಲ್ಲ. ಪೇಟೆಗೆ ಹೋದಾಗಲೆಲ್ಲ ಲ್ಯಾಪ್‌ಟಾಪಿನಲ್ಲಿ ಗಮಕ, ಭಾವಗೀತೆ, ಯಕ್ಷಗಾನದ ಪದ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿ ತರುತ್ತೇನೆ.

ಕೆಲವು ಚೆನ್ನಾಗಿ ಓಡುತ್ತವೆ. ಕೆಲವು ತೆರೆಯುವುದೇ ಇಲ್ಲ, ಕೋಡೆಕ್ ಬೇಕು ಅನ್ನುತ್ತದೆ. ಕೆಲವು ಅರ್ಧಕ್ಕೆ ನಿಲ್ಲುತ್ತವೆ. ಇನ್ನು ಕೆಲವು ಹಾಡುತ್ತವೆ, ಆದರೆ ಹೆಸರು ಓದಲಿಕ್ಕೇ ಬರುವುದಿಲ್ಲ. ಕೋಡೆಕ್ ಪ್ಯಾಕ್ ಹಾಕಿಕೊಂಡರೆ ಎಲ್ಲ ಸರಿಯಾಗುತ್ತದೆ ಅಂತ ಒಬ್ಬರು ಹೇಳಿದರು. ಯಾವುದು ಹಾಕಲಿ?

ತುಂಗಾತೀರ

ಕೋಡೆಕ್ ಪ್ಯಾಕ್ ಹಾಕಲೇ ಬೇಡಿ. ಕೋಡೆಕ್ ಅಂದರೆ ಒಂದೊಂದು ಬಗೆಯ ಹಾಡಿನ ಫೈಲನ್ನು ಬಿಡಿಸಿ ನುಡಿಸಲು ಬೇಕಾದ ಸಣ್ಣ ತಂತ್ರಾಂಶ, ಅಂಥವುಗಳ ಕಟ್ಟೇ ಈ ಪ್ಯಾಕ್. ಶಿವಮೊಗ್ಗದಲ್ಲಿ ದುರ್ಗಿಗುಡಿ ಕಡೆ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ಉಚಿತ ಕೋಡೆಕ್ ಅಂತ ಹುಡುಕಿ, ಮೊದಲು ಸಿಕ್ಕಿದ್ದನ್ನು ಹಾಕಿಕೊಂಡು, ಅದರ ಜೊತೆಗೆ ಜಾಹೀರಾತಿನ ರಾಶಿಯನ್ನೇ ಒಳಗೆ ಬಿಟ್ಟುಕೊಂಡ ಯಂತ್ರಗಳು ಅಂಗಡಿಗೆ ಬರುತ್ತಲೇ ಇರುತ್ತವೆ.

ನಿಮ್ಮ ಹತ್ತಿರ ಇರುವುದು ನಿಜವಾಗಿ ಹಾಡೇ ಹೌದಾ ಅಂತ ಮೊದಲು ನೋಡಿ. ಹೆಸರು ನಂಬಬೇಡಿ, ಗಾತ್ರ ನೋಡಿ. 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ. ಐದು ನಿಮಿಷದ ಭಾವಗೀತೆ 5 ಎಂಬಿ ಆಸುಪಾಸು ಇರಬೇಕು. ಒಂದು ಗಂಟೆಯ ಗಮಕ 55ರಿಂದ 60 ಎಂಬಿ. ನಿಮ್ಮ ಫೈಲು 1 ಕೆಬಿ, 40 ಕೆಬಿ ತೋರಿಸಿದರೆ ಅದರೊಳಗೆ ಹಾಡು ಬಂದೇ ಇಲ್ಲ. ಅದಕ್ಕೆ ಎಷ್ಟು ಕೋಡೆಕ್ ಹಾಕಿದರೂ ಪ್ರಯೋಜನವಿಲ್ಲ.

ಎರಡನೆಯದು, ಹೆಸರಿನ ಬಾಲ, ಅಂದರೆ ಫೈಲಿನ ಹೆಸರಿನ ಕೊನೆಯ ಚುಕ್ಕಿಯ ನಂತರ ಬರುವ ಎಂಪಿ3 ಥರದ ಅಕ್ಷರಗಳು. ವಿಂಡೋಸ್ ಅದನ್ನು ಮುಚ್ಚಿಡುತ್ತದೆ. ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ, ವ್ಯೂ ಅನ್ನುವ ಕಡೆ, 'ಹೈಡ್ ಎಕ್ಸ್‌ಟೆನ್ಷನ್ಸ್ ಫಾರ್ ನೋನ್ ಫೈಲ್ ಟೈಪ್ಸ್' ಅಂತ ಇರುವ ಟಿಕ್ ತೆಗೆಯಿರಿ. ಆಮೇಲೆ ಯಾವ ಯಾವ ಬಾಲ ಇದೆ, ಗಾತ್ರ ಎಷ್ಟು ಅಂತ ಇಲ್ಲಿ ಬರೆಯಿರಿ.

ಆಗುಂಬೆ ದಾರಿ

ನೋಡಿದೆ ಅಣ್ಣ. ಓಡುವವು ಎಲ್ಲ ಎಂಪಿ3. ತೆರೆಯದವುಗಳಲ್ಲಿ ಫ್ಲ್ಯಾಕ್ ಇದೆ, ಓಜಿಜಿ ಇದೆ, ಅವು ಗಾತ್ರದಲ್ಲಿ ದೊಡ್ಡವೇ. ಒಂದಷ್ಟು ಎಂ3ಯು ಅಂತ ಇವೆ, ಎಲ್ಲ 1 ಕೆಬಿ. ಇನ್ನೆರಡು ಮೂರಕ್ಕೆ ಎಂಪಿ3 ಅಂತಲೇ ಬಾಲ ಇದೆ, ಆದರೆ ಗಾತ್ರ ಬರೀ 30, 40 ಕೆಬಿ.

ತುಂಗಾತೀರ

ಈಗ ಗೊತ್ತಾಯಿತು. ನಿಮಗೆ ಇರುವುದು ಒಂದು ತೊಂದರೆ ಅಲ್ಲ, ಮೂರು.

ಎಂ3ಯು ಒಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಒಂದು ಸಾಲೋ ಎರಡು ಸಾಲೋ ಇರುತ್ತದೆ. ಅದು ಜಾಲದ ವಿಳಾಸ, ಕೊನೆಯಲ್ಲಿ ಎಂಪಿ3 ಅಂತ ಇರುತ್ತದೆ. ಅಷ್ಟೇ ಆ ಫೈಲು. ಹಾಡು ಎಲ್ಲಿದೆ ಅಂತ ಬರೆದ ಚೀಟಿ. ನೆಟ್ ಇದ್ದರೆ ಪ್ಲೇಯರ್ ಆ ವಿಳಾಸಕ್ಕೆ ಹೋಗಿ ಹಾಡು ತಂದು ನುಡಿಸುತ್ತದೆ. ನಿಮ್ಮ ಮನೆಯಲ್ಲಿ ನೆಟ್ ಇಲ್ಲ, ಹಾಗಾಗಿ ಸುಮ್ಮನಾಗುತ್ತದೆ. ಮುಂದಿನ ಸಲ ಪೇಟೆಗೆ ಹೋದಾಗ ಆ ವಿಳಾಸವನ್ನೇ ಬ್ರೌಸರಿಗೆ ಅಂಟಿಸಿ, ಹಾಡನ್ನು ಇಳಿಸಿಕೊಳ್ಳಿ. ಹಳೆಯ ಜಾಲತಾಣಗಳಲ್ಲಿ ರ‍್ಯಾಮ್ ಅಂತ ಬಾಲ ಇರುವ ಫೈಲು ಸಿಗುತ್ತವೆ, ಅವೂ ಇದೇ ಜಾತಿ. ರಿಯಲ್ ಆಡಿಯೋ 1995ರಲ್ಲಿ ಬಂದಾಗಿನಿಂದ ಈ ಚೀಟಿ ಪದ್ಧತಿ ಇದೆ.

ಆ 40 ಕೆಬಿಯ ಎಂಪಿ3ಗಳನ್ನೂ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ನಿಜವಾದ ಎಂಪಿ3 ಆದರೆ ಸಾಮಾನ್ಯವಾಗಿ ಮೊದಲ ಮೂರು ಅಕ್ಷರ 'ಐಡಿ3' ಅಂತ ಇಂಗ್ಲಿಷಿನಲ್ಲಿ ಇರುತ್ತದೆ, ಆಮೇಲೆಲ್ಲ ಅರ್ಥವಿಲ್ಲದ ಚಿಹ್ನೆ. ಕೆಲವು ಹಳೆಯ ಎಂಪಿ3 ನೇರವಾಗಿ ಚಿಹ್ನೆಗಳಿಂದಲೇ ಶುರುವಾಗುತ್ತವೆ, ಅದೂ ಸರಿಯೇ. ಆದರೆ ನಿಮ್ಮದರಲ್ಲಿ 'ಎಚ್‌ಟಿಎಂಎಲ್' ಅನ್ನುವ ಪದ ಮೇಲೆಯೇ ಕಾಣಿಸಬಹುದು. ಹಾಗಿದ್ದರೆ ಅದು ವೆಬ್ ಪುಟ. ಲಿಂಕಿನ ಅವಧಿ ಮುಗಿದಿದ್ದರೆ, ಇಲ್ಲವೇ ಲಾಗಿನ್ ಕೇಳುವ ತಾಣವಾಗಿದ್ದರೆ, ಹಾಡಿನ ಬದಲು 'ಸಿಗಲಿಲ್ಲ' ಅನ್ನುವ ಪುಟವೇ ಹಾಡಿನ ಹೆಸರಿನಲ್ಲಿ ಇಳಿದುಬಿಡುತ್ತದೆ. ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ. ನೋಟ್‌ಪ್ಯಾಡಿನಲ್ಲಿ ಸೇವ್ ಆದರೆ ಒಳ್ಳೆಯ ಫೈಲೂ ಕೆಡುತ್ತದೆ.

ತೆರೆಯದವುಗಳಲ್ಲಿ ಫ್ಲ್ಯಾಕ್, ಓಜಿಜಿ ಮಾತ್ರ ಸರಿಯಾದ ಹಾಡುಗಳು. ವಿಂಡೋಸ್ 7ರ ಮೀಡಿಯಾ ಪ್ಲೇಯರಿಗೆ ಇವೆರಡೂ ಬರುವುದಿಲ್ಲ. ಫ್ಲ್ಯಾಕ್ ನುಡಿಸುವುದು ವಿಂಡೋಸ್ 10ರಿಂದ ಈಚೆಗೆ ಅದರೊಳಗೇ ಸೇರಿತು. ನಿಮಗೆ ಬೇಕಾಗಿರುವುದು ವಿಎಲ್‌ಸಿ ಅನ್ನುವ ಉಚಿತ ಪ್ಲೇಯರ್ ಒಂದೇ.

ವರದಾಮೂಲ

ವಿಎಲ್‌ಸಿಗೆ ನನ್ನದೂ ಒಂದು ಓಟು. ಪ್ಯಾರಿಸ್ಸಿನ ಒಂದು ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ್ದು ಅದು. 2001ರಿಂದ ಎಲ್ಲರಿಗೂ ಮುಕ್ತವಾಗಿದೆ. ಬೇಕಾದ ಕೋಡೆಕ್‌ಗಳು ಅದರ ಹೊಟ್ಟೆಯಲ್ಲೇ ಇರುತ್ತವೆ, ಬೇರೆ ಏನೂ ಬೇಡ. ವಿಂಡೋಸ್ 7ರಲ್ಲಿ ಅದರ 3ನೇ ಆವೃತ್ತಿ ಓಡುತ್ತದೆ.

ಒಂದೇ ಎಚ್ಚರಿಕೆ. ಅದನ್ನು ಹೊರತರುವ ವಿಡಿಯೋಲ್ಯಾನ್ ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. 2022ರಲ್ಲಿ ಕೆಲವು ತಿಂಗಳು ಆ ತಾಣ ಭಾರತದಲ್ಲಿ ತೆರೆಯುತ್ತಲೇ ಇರಲಿಲ್ಲ, ನವೆಂಬರಿನಲ್ಲಿ ಮತ್ತೆ ಶುರುವಾಯಿತು. ಆಗ ಇಲ್ಲಿಯ ಬಹಳ ಜನ ಕಂಡ ಕಂಡ ತಾಣಗಳಿಂದ ಇಳಿಸಿಕೊಂಡು, ಆ ಇನ್‌ಸ್ಟಾಲರನ್ನೇ ಪೆನ್‌ಡ್ರೈವಿನಲ್ಲಿ ಒಬ್ಬರಿಗೊಬ್ಬರು ಹಂಚಿಕೊಂಡರು. ಅಂಥದ್ದು ಮನೆಯಲ್ಲಿದ್ದರೆ ಅಳಿಸಿಬಿಡಿ.

ಇನ್ನೊಂದು ಮಾತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ಆ ಯಂತ್ರಕ್ಕೆ ನೆಟ್ ಹಚ್ಚದೆ, ಹಾಡು ಕೇಳುವುದಕ್ಕೆ ಮಾತ್ರ ಇಟ್ಟುಕೊಂಡಿರುವುದು ಒಳ್ಳೆಯದೇ ಆಯಿತು. ಹಾಗೇ ಇರಲಿ. ಪೆನ್‌ಡ್ರೈವನ್ನು ಮಾತ್ರ ಲ್ಯಾಪ್‌ಟಾಪಿನಲ್ಲಿ ವೈರಸ್ ಪರೀಕ್ಷೆ ಮಾಡಿ ತನ್ನಿ.

ಹೊಸನಗರದ ಅಕ್ಕ

ಅರ್ಧಕ್ಕೆ ನಿಲ್ಲುವ ಹಾಡಿನ ವಿಷಯ ಯಾರೂ ಹೇಳಲಿಲ್ಲ, ಅಲ್ವಾ? ನಮ್ಮ ಕಡೆ ಅದೇ ದೊಡ್ಡ ಗೋಳು. ಜೂನ್ ಬಂದರೆ ಕರೆಂಟು ಹೋಗುತ್ತದೆ, ಟವರ್ ಹೋಗುತ್ತದೆ, ಇಳಿಯುತ್ತಿರುವುದು ನಡುವೆಯೇ ಕಡಿಯುತ್ತದೆ. ಬ್ರೌಸರ್ ಒಮ್ಮೊಮ್ಮೆ ಬಂದಷ್ಟನ್ನೇ ಪೂರ್ತಿ ಫೈಲು ಅಂತ ಕೊಟ್ಟುಬಿಡುತ್ತದೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸ ತಿಳಿದಿರಲಿ. ಎಂಪಿ3 ಒಳಗೆ ಸಣ್ಣ ಸಣ್ಣ ತುಂಡುಗಳಾಗಿ ಇರುತ್ತದೆ, ಪ್ರತಿ ತುಂಡೂ ಅದರಷ್ಟಕ್ಕೇ ನುಡಿಯುತ್ತದೆ. ಹಾಗಾಗಿ ಮುಕ್ಕಾಲು ಬಂದರೆ ಮುಕ್ಕಾಲು ಕೇಳಬಹುದು. ಎಂ4ಎ ಅನ್ನುವ ಇನ್ನೊಂದು ಬಗೆಯ ಹಾಡಿನ ಫೈಲು ಹಾಗಲ್ಲ. ಯಾವ ತುಂಡು ಎಲ್ಲಿದೆ ಅನ್ನುವ ಸೂಚಿ ಅದರಲ್ಲಿ ಬೇರೆಯಾಗಿ ಇರುತ್ತದೆ, ಎಷ್ಟೋ ಫೈಲುಗಳಲ್ಲಿ ಅದು ಕಟ್ಟಕಡೆಗೆ ಇರುತ್ತದೆ. ಕೊನೆಯ ಚೂರು ಬರದಿದ್ದರೆ ಇಡೀ ಒಂದು ಗಂಟೆಯ ಹಾಡು ತೆರೆಯುವುದೇ ಇಲ್ಲ. ಅದು ಕೋಡೆಕ್ ತೊಂದರೆ ಅಂತ ಜನ ತಿಳಿಯುತ್ತಾರೆ. ಅಲ್ಲ. ಫೈಲು ಪೂರ್ತಿ ಬಂದಿಲ್ಲ, ಅಷ್ಟೇ. ಎರಡೂ ಸಿಗುವ ಕಡೆ, ಲೈನು ಸರಿ ಇಲ್ಲದವರು ಎಂಪಿ3 ಆರಿಸಿಕೊಳ್ಳಿ.

ದೊಡ್ಡ ಫೈಲಿಗೆ ಬ್ರೌಸರ್ ನಂಬಬೇಡಿ. ಫ್ರೀ ಡೌನ್‌ಲೋಡ್ ಮ್ಯಾನೇಜರ್ ಥರದ್ದು ಹಾಕಿಕೊಂಡರೆ ಕಡಿದ ಜಾಗದಿಂದಲೇ ಮುಂದುವರಿಸುತ್ತದೆ. ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಎಷ್ಟೋ ಸಂಗ್ರಹಗಳಿಗೆ ಟೊರೆಂಟ್ ಅಂತಲೂ ಆಯ್ಕೆ ಇರುತ್ತದೆ. ಟೊರೆಂಟ್ ಅಂದ ಕೂಡಲೇ ಕಳ್ಳ ಮಾಲು ಅಂತ ಹೆದರಬೇಡಿ, ಅದು ಇಳಿಸುವ ಒಂದು ರೀತಿ ಮಾತ್ರ. ಅದರ ಗುಣ ಏನೆಂದರೆ, ಬಂದ ಪ್ರತಿ ತುಂಡನ್ನೂ ಪರೀಕ್ಷೆ ಮಾಡಿ, ಕೆಟ್ಟಿದ್ದರೆ ಮತ್ತೆ ತರಿಸಿಕೊಳ್ಳುತ್ತದೆ. ಮೂರು ದಿನ ಕರೆಂಟು ಇಲ್ಲದಿದ್ದರೂ ನಾಲ್ಕನೆಯ ದಿನ ಬಿಟ್ಟಲ್ಲಿಂದ ಶುರು.

ಲಿಂಗನಮಕ್ಕಿ ಹಿನ್ನೀರು

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಹಾಡು ನೆಟ್ಟಿನಲ್ಲಿ ಇದೆಯಲ್ಲ, ಬೇಕಾದಾಗ ಕೇಳಿದರಾಯಿತು ಅನ್ನುವ ಮಾತು ಬೆಂಗಳೂರಿನವರಿಗೆ ಸರಿ. ಮಲೆನಾಡಿನಲ್ಲಿ ಹಾಡು ಮನೆಯೊಳಗೆ, ನಮ್ಮ ಡಿಸ್ಕಿನಲ್ಲಿ ಇರಬೇಕು. ನೆಟ್ಟಿನಲ್ಲಿ ಇರುವುದು ನಾಳೆಯೂ ಇರುತ್ತದೆ ಅಂತ ಏನು ಖಾತ್ರಿ?

ಆಗುಂಬೆ ದಾರಿ

ವಿಎಲ್‌ಸಿ ಹಾಕಿದೆ. ಫ್ಲ್ಯಾಕ್, ಓಜಿಜಿ ಎರಡೂ ಓಡುತ್ತಿವೆ. ಅಪ್ಪಯ್ಯ ಮಧ್ಯಾಹ್ನದಿಂದ ಕುರ್ಚಿ ಬಿಟ್ಟು ಎದ್ದಿಲ್ಲ. ತುಂಗಾತೀರ ಅಣ್ಣ, ವರದಾಮೂಲ ಅಣ್ಣ, ಅಕ್ಕ, ಎಲ್ಲರಿಗೂ ಬಹಳ ಧನ್ಯವಾದ.

ಹೆಸರಿನ ತೊಂದರೆ ಹಾಗೇ ಇದೆ. ಫೈಲಿನ ಹೆಸರು ಕನ್ನಡದಲ್ಲಿ ಸರಿಯಾಗಿದೆ. ಪ್ಲೇಯರಿನಲ್ಲಿ ಹಾಕಿದ ಕೂಡಲೇ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಗೆರೆ, ಚುಕ್ಕಿ, ಏನೇನೋ ಬರುತ್ತದೆ. ವೈರಸ್ಸಾ?

ಕೆಳದಿ ಸೀಮೆ

ವೈರಸ್ ಅಲ್ಲ. ಅದು 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಾಲದ ಕನ್ನಡ.

ಹಾಡಿನ ಫೈಲಿನೊಳಗೇ ಒಂದು ಪುಟ್ಟ ಜಾಗ ಇರುತ್ತದೆ, ಅದಕ್ಕೆ ಟ್ಯಾಗ್ ಅನ್ನುತ್ತಾರೆ. ಹಾಡಿನ ಹೆಸರು, ಹಾಡಿದವರು, ಆಲ್ಬಮ್, ವರ್ಷ ಅಲ್ಲಿ ಬರೆದಿರುತ್ತದೆ. ಪ್ಲೇಯರ್ ತೋರಿಸುವುದು ಅದನ್ನು, ಫೈಲಿನ ಹೆಸರನ್ನಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ರೂಢಿಗೆ ಬರುವ ಮೊದಲು ಜನ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಟ್ಯಾಗ್ ತುಂಬಿದರು. ಆ ಫಾಂಟಿನಲ್ಲಿ ಒಳಗೆ ಇರುವುದು ಇಂಗ್ಲಿಷಿನ, ಯುರೋಪಿನ ಅಕ್ಷರಗಳೇ, ಫಾಂಟು ಅವಕ್ಕೆ ಕನ್ನಡದ ರೂಪ ಕೊಡುತ್ತಿತ್ತು. ಪ್ಲೇಯರಿಗೆ ಆ ಫಾಂಟು ಗೊತ್ತಿಲ್ಲ, ಒಳಗಿದ್ದದ್ದನ್ನು ಹಾಗೇ ತೋರಿಸುತ್ತದೆ.

ಎಂಪಿ3ಟ್ಯಾಗ್ ಅನ್ನುವ ತಂತ್ರಾಂಶ ವಿಂಡೋಸಿಗೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಫೈಲು ತೆರೆದು ಆ ಸಾಲನ್ನು ನಕಲು ಮಾಡಿ, ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಅಂಟಿಸಿದರೆ ಸರಿಯಾದ ಕನ್ನಡ ಸಿಗುತ್ತದೆ. ಅದನ್ನೇ ವಾಪಸ್ ಹಾಕಿ ಸೇವ್ ಮಾಡಿ.

ಹೆಸರು ನಡುವೆಯೇ ಕತ್ತರಿಸಿದ ಹಾಗಿದ್ದರೆ ಅದಕ್ಕೂ ಕಾರಣ ಇದೆ. ಐಡಿ3 ಅನ್ನುವ ಈ ಟ್ಯಾಗಿನ ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ ಇದ್ದ ಜಾಗ 30 ಬೈಟ್ ಮಾತ್ರ. ಯೂನಿಕೋಡನ್ನು ಬರೆದಿಡುವ ಈಗಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಸಂಕೇತ. ಹತ್ತು ಸಂಕೇತಕ್ಕೇ ಜಾಗ ಮುಗಿಯಿತು. ಎಂಪಿ3ಟ್ಯಾಗ್‌ನಲ್ಲಿ ಐಡಿ3 ಆವೃತ್ತಿ 2.3, ಯುಟಿಎಫ್-16 ಅಂತ ಆರಿಸಿಕೊಳ್ಳಿ. ಹಳೆಯ ವಿಂಡೋಸಿಗೂ ಅದು ಓದಲು ಬರುತ್ತದೆ.

ತುಂಗಾತೀರ

ಇಷ್ಟೆಲ್ಲ ಯಾಕೆ ಸರ್? ಪ್ಲೇಯರಿನಲ್ಲಿ ಫೈಲಿನ ಹೆಸರೇ ತೋರಿಸು ಅಂತ ಆರಿಸಿಕೊಂಡರೆ ಕೆಲಸ ಮುಗಿಯಿತಲ್ಲ. ಟ್ಯಾಗ್ ಪೂರಾ ಅಳಿಸಿದರೂ ಆಯಿತು.

ಕೆಳದಿ ಸೀಮೆ

ಅಳಿಸಬೇಡಿ, ದಯವಿಟ್ಟು. ಈ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ.

ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರೂ ಅದೇ ವರ್ಷ ಆಗಸ್ಟಿನಲ್ಲಿ ಹೋದರು. ಇಂಥವರ ದನಿ ಫೈಲುಗಳಲ್ಲಿ ಉಳಿದಿದೆ. ಆದರೆ ಕೈಯಿಂದ ಕೈಗೆ ಹೋಗುತ್ತಾ 'ಟ್ರ್ಯಾಕ್ 07', 'ನ್ಯೂ ರೆಕಾರ್ಡಿಂಗ್ 3' ಅಂತ ಆಗಿಬಿಟ್ಟರೆ ಇನ್ನು ಕೆಲವು ವರ್ಷಕ್ಕೆ ಅದು ಯಾರ ದನಿ ಅಂತ ಹೇಳುವವರೇ ಇರುವುದಿಲ್ಲ. ದೊಡ್ಡವರ ದನಿ ಹೇಗೋ ಗುರುತಾಗುತ್ತದೆ. ಊರಿನ ದೇವಸ್ಥಾನದಲ್ಲಿ ಚಾತುರ್ಮಾಸದಲ್ಲಿ ವಾಚನ ಮಾಡಿದ ಒಬ್ಬ ಮೇಷ್ಟ್ರ ದನಿ? ಅದಕ್ಕೆ ಟ್ಯಾಗ್ ಒಂದೇ ಗತಿ.

ಗಮಕಕ್ಕೆ ಟ್ಯಾಗ್ ತುಂಬುವಾಗ ಒಂದು ತೊಡಕು ಇದೆ. ಆರ್ಟಿಸ್ಟ್ ಅಂತ ಇರುವುದು ಒಂದೇ ಖಾನೆ. ಗಮಕದಲ್ಲಿ ಇಬ್ಬರು ಇರುತ್ತಾರೆ, ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ಎಷ್ಟೋ ಫೈಲಿನಲ್ಲಿ ವ್ಯಾಖ್ಯಾನಕಾರರ ಹೆಸರೇ ಬಿಟ್ಟುಹೋಗಿದೆ, ಇದು ಅನ್ಯಾಯ. ನಾನು ಆರ್ಟಿಸ್ಟ್ ಖಾನೆಯಲ್ಲಿ ಇಬ್ಬರನ್ನೂ ಹಾಕುತ್ತೇನೆ, ವಾಚನ ಯಾರದು, ವ್ಯಾಖ್ಯಾನ ಯಾರದು ಅಂತ ಕಾಮೆಂಟ್ ಖಾನೆಯಲ್ಲಿ ಬಿಡಿಸಿ ಬರೆಯುತ್ತೇನೆ. ಕಾವ್ಯದ ಹೆಸರು ಆಲ್ಬಮ್, ಸಂಧಿಯ ಹೆಸರು ಟೈಟಲ್. ಯಕ್ಷಗಾನವಾದರೆ ಪ್ರಸಂಗ ಆಲ್ಬಮ್, ಭಾಗವತರು ಆರ್ಟಿಸ್ಟ್, ಮದ್ದಲೆ ಚೆಂಡೆಯವರು ಕಾಮೆಂಟಿನಲ್ಲಿ. ಎಲ್ಲಿ, ಯಾವ ವರ್ಷ ಧ್ವನಿಮುದ್ರಣ ಆಯಿತು ಅಂತ ಗೊತ್ತಿದ್ದರೆ ಅದೂ ಇರಲಿ.

ಆಗುಂಬೆ ದಾರಿಯವರೇ, ನಿಮ್ಮ ಅಪ್ಪಯ್ಯ ಹಳೆಯ ಗಮಕಿಗಳನ್ನು ಕೇಳಿ ಬೆಳೆದವರು. ಹೆಸರಿಲ್ಲದ ಫೈಲು ಹಾಕಿ, ಇದು ಯಾರು ಅಂತ ಅವರನ್ನೇ ಕೇಳಿ. ಅವರು ಹೇಳಿದ್ದನ್ನು ಆಗಲೇ ಬರೆದುಬಿಡಿ.

ತುಂಗಾತೀರ

ಒಪ್ಪಿದೆ ಸರ್. ಟ್ಯಾಗ್ ಇರಲಿ. ಈ ಖಾನೆ ಹಂಚಿಕೆ ನಮ್ಮ ಅಂಗಡಿಯಲ್ಲೂ ಅಂಟಿಸಿಡುತ್ತೇನೆ.

ಸೊರಬ ಸೀಮೆ

ಫ್ಲ್ಯಾಕ್ ಎಲ್ಲ ಎಂಪಿ3ಗೆ ಬದಲಿಸಿ ಮೂಲ ಅಳಿಸಿದರೆ ಜಾಗ ಉಳಿಯುತ್ತದೆ. ವಿಎಲ್‌ಸಿಯಲ್ಲೇ ಕಂಟ್ರೋಲ್ ಆರ್ ಒತ್ತಿದರೆ ಬದಲಿಸುವ ಕಿಟಕಿ ಬರುತ್ತದೆ.

ಕೆಳದಿ ಸೀಮೆ

ಬದಲಿಸಿ, ಆದರೆ ಮೂಲ ಅಳಿಸಬೇಡಿ. ಸಿಡಿ ಗುಣಮಟ್ಟದ ವೇವ್ ಫೈಲು, ಅಂದರೆ ಕುಗ್ಗಿಸದೆ ಇಟ್ಟ ಹಾಡು, ಗಂಟೆಗೆ 600 ಎಂಬಿಗಿಂತ ಜಾಸ್ತಿ. ಫ್ಲ್ಯಾಕ್ ಅದನ್ನು ಅರ್ಧದ ಹತ್ತಿರಕ್ಕೆ ಇಳಿಸುತ್ತದೆ, ಒಂದು ಚೂರೂ ಕಳೆಯದೆ. ಎಂಪಿ3 ಇನ್ನೂ ಸಣ್ಣದು ಮಾಡುತ್ತದೆ, ಆದರೆ ಕಿವಿಗೆ ಬೇಡ ಅಂತ ತನಗೆ ತೋರಿದ್ದನ್ನು ಬಿಸಾಡಿ ಮಾಡುತ್ತದೆ. ಬಿಸಾಡಿದ್ದು ವಾಪಸ್ ಬರುವುದಿಲ್ಲ. ಎಂಪಿ3ಯನ್ನು ಮತ್ತೆ ಎಂಪಿ3 ಮಾಡಿದರೆ ಇನ್ನಷ್ಟು ಹೋಗುತ್ತದೆ.

ಕೇಳುವುದಕ್ಕೆ ಮಾತ್ರ ಅಂದರೆ ಚಿಂತೆಯಿಲ್ಲ. ಗಮಕದಲ್ಲಿ ತಾಳವಾದ್ಯ ಇಲ್ಲ, ಒಂದು ಕಂಠ, ಒಂದು ಶ್ರುತಿ. 64 ಕೆಬಿಪಿಎಸ್ ಮೋನೋ ಸಾಕು, ಗಂಟೆಗೆ 30 ಎಂಬಿಯೂ ಆಗುವುದಿಲ್ಲ. ಚೆಂಡೆ ಇರುವ ಯಕ್ಷಗಾನಕ್ಕೆ ಮಾತ್ರ ಹಾಗೆ ಮಾಡಬೇಡಿ, ಪೆಟ್ಟು ಮಂಕಾಗುತ್ತದೆ. 192 ಆದರೂ ಇರಲಿ.

ಹೊಸನಗರದ ಅಕ್ಕ

ವಾಟ್ಸ್ಯಾಪಿನಲ್ಲಿ ಬರುವ ಧ್ವನಿ ಸಂದೇಶಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಸಂಬಂಧಿಕರು ಹಾಡಿದ ಸೋಬಾನೆ ಪದ, ಹಸೆ ಹಾಡು ಎಲ್ಲ ಅದರಲ್ಲೇ ಬರುತ್ತದೆ. ಅವು ಓಪಸ್ ಅನ್ನುವ ಬಗೆ. ಮನೆ ಕಂಪ್ಯೂಟರಿಗೆ ಹಾಕಿದರೆ ಹಳೆಯ ಮೀಡಿಯಾ ಪ್ಲೇಯರಿಗೆ ತಲೆಬುಡ ಗೊತ್ತಾಗುವುದಿಲ್ಲ, ವಿಎಲ್‌ಸಿ ನುಡಿಸುತ್ತದೆ. ಹಳೆಯ ಕೀಪ್ಯಾಡ್ ಫೋನಿನ ಎಎಂಆರ್ ಫೈಲಿಗೂ ಇದೇ ಮಾತು. ಹಿರಿಯ ಅತ್ತೆಯಂದಿರು ಹಾಡಿದ್ದು ಫೋನಿನಲ್ಲೇ ಇದ್ದರೆ ಬೇಗ ಡಿಸ್ಕಿಗೆ ಹಾಕಿಡಿ. ಫೋನು ನೀರಿಗೆ ಬಿದ್ದರೆ ಹಾಡೂ ಹೋಯಿತು.

ಭದ್ರಾ ಬಯಲು

ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿಟ್ಟ ಹಾಡುಗಳನ್ನು ಫೋನಿನಿಂದ ಕಂಪ್ಯೂಟರಿಗೆ ನಕಲು ಮಾಡಿದೆ. ಯಾವುದರಲ್ಲೂ ತೆರೆಯುತ್ತಿಲ್ಲ. ದಾರಿ ಇದೆಯಾ?

ವರದಾಮೂಲ

ಇಲ್ಲ. ಅವು ಬೀಗ ಹಾಕಿದ ಫೈಲುಗಳು, ಆ ಆ್ಯಪಿನಲ್ಲಿ, ಚಂದಾ ಇರುವ ತನಕ ಮಾತ್ರ. ಬೀಗ ಒಡೆಯುವ ತಂತ್ರಾಂಶ ಅಂತ ಸಿಗುವುದನ್ನು ಹಾಕಿಕೊಳ್ಳಬೇಡಿ, ಕಾನೂನಿಗೂ ತಪ್ಪು, ಯಂತ್ರಕ್ಕೂ ಅಪಾಯ. ನಿಮ್ಮದೇ ಆಗಿ ಉಳಿಯಬೇಕು ಅನ್ನುವ ಹಾಡನ್ನು ಬೀಗವಿಲ್ಲದ ಎಂಪಿ3 ಕೊಡುವ ಕಡೆ ದುಡ್ಡು ಕೊಟ್ಟು ಕೊಳ್ಳಿ, ಇಲ್ಲವೇ ಸಿಡಿ ಕೊಂಡು ಅದರಿಂದ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಹಾಡು ಬರೆದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೆ 60 ವರ್ಷ. ಊರಿನ ಕಲಾವಿದರಾದರೆ ಅವರನ್ನೇ ಕೇಳಿ. ಸಂತೋಷದಿಂದ ಪೆನ್‌ಡ್ರೈವಿಗೆ ಹಾಕಿಕೊಡುವವರು ಬಹಳ ಜನ ಇದ್ದಾರೆ.

ಸೊರಬ ಸೀಮೆ

ನನ್ನದು ಬೇರೆ ಕಥೆ. ಹಾಡು ಓಡುತ್ತದೆ, ಗೆರೆ ಮುಂದೆ ಹೋಗುತ್ತದೆ, ಸದ್ದೇ ಇಲ್ಲ.

ತುಂಗಾತೀರ

ಮಾನಿಟರ್ ಅಥವಾ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿದ್ದೀರಾ? ಹಾಗಿದ್ದರೆ ವಿಂಡೋಸ್ ಸದ್ದನ್ನೂ ಆ ಕೇಬಲಿಗೇ ಕಳಿಸುತ್ತಿರಬಹುದು. ಮಾನಿಟರಿಗೆ ಸ್ಪೀಕರ್ ಇಲ್ಲದಿದ್ದರೆ ಎಲ್ಲ ಮೌನ. ಕೆಳಗೆ ಮೂಲೆಯ ಸ್ಪೀಕರ್ ಗುರುತಿನ ಮೇಲೆ ಬಲಗುಂಡಿ ಒತ್ತಿ, ಪ್ಲೇಬ್ಯಾಕ್ ಡಿವೈಸಸ್‌ನಲ್ಲಿ ಸ್ಪೀಕರ್ ಆರಿಸಿ. ಸ್ಪೀಕರಿನ ಪಿನ್ನು ಹಿಂದುಗಡೆಯ ಹಸಿರು ತೂತಿಗೆ ಹೋಗಬೇಕು, ಗುಲಾಬಿ ಬಣ್ಣದ್ದು ಮೈಕಿಗೆ.

ಸದ್ದಿನ ಜೊತೆ 'ಗುಂಯ್' ಅಂತ ಬರುತ್ತಿದ್ದರೆ ಮೊದಲು ಅರ್ಥಿಂಗ್ ನೋಡಿಸಿ. ಅದು ಹಾಡಿಗಿಂತ ಮುಖ್ಯ. ಏಪ್ರಿಲ್, ಮೇನಲ್ಲಿ ಗುಡುಗು ಶುರುವಾದರೆ ಪ್ಲಗ್ಗನ್ನೂ ನೆಟ್ಟಿನ ವೈರನ್ನೂ ಎರಡನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿಗೆ ಹೋದ ಬೋರ್ಡುಗಳಲ್ಲಿ ನೆಟ್ ವೈರಿನ ಮೂಲಕ ಹೋದವೂ ನಮ್ಮಲ್ಲಿಗೆ ಬರುತ್ತವೆ.

ಲಿಂಗನಮಕ್ಕಿ ಹಿನ್ನೀರು

ಆಗುಂಬೆ ದಾರಿಯವರು ಇನ್ನೊಂದು ಕೆಲಸ ಮಾಡಿ. ಎಲ್ಲವನ್ನೂ ಎರಡು ಕಡೆ ಇಡಿ. ಒಂದು ಡೆಸ್ಕ್‌ಟಾಪಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ಆ ಡಿಸ್ಕು ಮಳೆಗಾಲದಲ್ಲಿ ತೇವ ತಾಗದ ಹಾಗೆ ಮುಚ್ಚಳ ಇರುವ ಡಬ್ಬಿಯಲ್ಲಿರಲಿ, ಆಗಾಗ ಹಚ್ಚಿ ನೋಡಿ. ಸಾಧ್ಯವಾದರೆ ಬೇರೆ ಊರಿನ ನೆಂಟರ ಮನೆಯಲ್ಲೂ ಒಂದು ಪ್ರತಿ.

ಆಗುಂಬೆ ದಾರಿ

ಮಾಡುತ್ತೇನೆ. ಕೆಳದಿ ಸೀಮೆಯವರೇ, ಅಪ್ಪಯ್ಯ ಹೆಸರಿಲ್ಲದ ಫೈಲುಗಳಲ್ಲಿ ಕೆಲವರನ್ನು ಮೊದಲ ಪದ್ಯಕ್ಕೇ ಗುರುತಿಸಿದರು. ಎಲ್ಲ ಬರೆದುಕೊಂಡಿದ್ದೇನೆ. ಕೊನೆಯದಾಗಿ ಒಂದು ಪ್ರಶ್ನೆ. ತಮ್ಮನ ಕಾರಿನಲ್ಲಿ ಇದೇ ಪೆನ್‌ಡ್ರೈವ್ ಹಾಕಿದರೆ ಕೆಲವು ಸಂಧಿ ಕಾಣುವುದಿಲ್ಲ, ಕಂಡವು ಹಿಂದೆ ಮುಂದೆ ಓಡುತ್ತವೆ.

ತುಂಗಾತೀರ

ಎಷ್ಟೋ ಕಾರಿನ ಸ್ಟೀರಿಯೋಗಳಿಗೆ ಎಂಪಿ3 ಬಿಟ್ಟು ಬೇರೆ ಬರುವುದಿಲ್ಲ, ಕಾಣದವು ಫ್ಲ್ಯಾಕ್ ಇರಬೇಕು. ಕಾರಿಗೆ ಅಂತಲೇ ಒಂದು ಸಣ್ಣ ಪೆನ್‌ಡ್ರೈವ್ ಇಡಿ. ಅದನ್ನು ಫಾರ್ಮ್ಯಾಟ್ ಮಾಡುವಾಗ ಫ್ಯಾಟ್32 ಅನ್ನುವ ಬಗೆ ಆರಿಸಿ, ಎಂಪಿ3 ಪ್ರತಿಗಳನ್ನು ಮಾತ್ರ ಹಾಕಿ. ಬಹಳಷ್ಟು ಸ್ಟೀರಿಯೋಗಳು ಹೆಸರಿನ ಕ್ರಮ ನೋಡುವುದಿಲ್ಲ, ಯಾವುದನ್ನು ಮೊದಲು ನಕಲು ಮಾಡಿದಿರೋ ಅದನ್ನೇ ಮೊದಲು ನುಡಿಸುತ್ತವೆ. ಹಾಗಾಗಿ ಪೆನ್‌ಡ್ರೈವ್ ಖಾಲಿ ಮಾಡಿ, ಮೊದಲ ಸಂಧಿಯಿಂದ ಒಂದೊಂದಾಗಿ ಹಾಕುತ್ತಾ ಹೋಗಿ. ಹೆಸರಿನ ಮುಂದೆ 001, 002 ಅಂತಲೂ ಇರಲಿ, ಕೆಲವು ಸ್ಟೀರಿಯೋಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕ ಬರುತ್ತದೆ, ಆಗ ಅಂಕಿ ನೋಡಿ ಹುಡುಕಬಹುದು.